ಹಸಿ ಮರದ ಬುಷ್

ಚನ್ನಪಟ್ಟಣದ ಹಳೇ ಮೆಕ್ಯಾನಿಕ್ಕುಗಳ ನಡುವೆ ನನ್ನ ಅಣ್ಣನ ಬಗ್ಗೆ ಒಂದು ಮಾತು ಉಳಿದುಬಿಟ್ಟಿದೆ. ಮದುವೆ ಕಾರಿನ ಗೇರ್‌ಬಾಕ್ಸ್ ಕಟ್ಟುವಾಗ ಅವನಿಗೆ ಕೈ ತಪ್ಪಿತು, ಅಲ್ಲಿಗೆ ಅವನ ಮೇಸ್ತ್ರಿಕೆ ಮುಗಿಯಿತು ಅನ್ನುವ ಮಾತು. ಅಣ್ಣನೂ ಅದನ್ನೇ ನಂಬಿದ್ದ. ಅದು ನಿಜವಲ್ಲ. ನಿಜವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಇಡುತ್ತೇನೆ.

ಆ ಕಾರು ಬಂದದ್ದು ಬೇಸಿಗೆಯ ಶುರುವಿನಲ್ಲಿ. ಅಣ್ಣನ ಶೆಡ್ಡು ಹೆದ್ದಾರಿಯ ಅಂಚಿಗೆ, ತಗಡಿನ ಸೂರಿನ ಕೆಳಗೆ ಇತ್ತು. ಅದರ ಹಿಂದಿನ ಓಣಿಯಲ್ಲೇ ನಾನು ಕೆಲಸ ಮಾಡುತ್ತಿದ್ದ ಬೊಂಬೆ ಕಾರ್ಖಾನೆ. ಲೇತಿನ ಮೇಲೆ ಮರ ಕಡೆದು, ಅರಗಿನ ಬಣ್ಣ ಹಾಕುವುದು ನನ್ನ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ನಾನು ಅಣ್ಣ ಅತ್ತಿಗೆಯ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಅತ್ತಿಗೆ ಕಟ್ಟಿಕೊಟ್ಟ ಕ್ಯಾರಿಯರ್ ಹಿಡಿದು ಶೆಡ್ಡಿಗೆ ಹೋಗುತ್ತಿದ್ದೆ, ಇಬ್ಬರೂ ಅಲ್ಲೇ ಕೂತು ಉಣ್ಣುತ್ತಿದ್ದೆವು. ಹಾಗಾಗಿ ಆ ಕೆಲಸದ ಬಹುಪಾಲನ್ನು ಕಣ್ಣಾರೆ ನೋಡಿದೆ.

ಕಾರು ರಾಮನಗರದ ಒಬ್ಬ ರೇಷ್ಮೆ ರೀಲರ್ ಸಾಹೇಬರದು. ಹಳೇ ಮಾದರಿಯ ಅಂಬಾಸಿಡರ್. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುವಂಥದ್ದು. ಸಾಹೇಬರು ಅದನ್ನು ತಾವೇ ಓಡಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ನಾವು ಊಟ ಮುಗಿಸಿ ಏಳುವಷ್ಟರಲ್ಲಿ ಕಾರಿನ ಹೊಟ್ಟೆಯ ಕೆಳಗೆ ಮಣ್ಣು ಕಪ್ಪಗೆ ನೆನೆದಿತ್ತು.

"ಇದು ನಮ್ಮ ಅಬ್ಬಾ ತಗೊಂಡಿದ್ದ ಗಾಡಿ ಮೇಸ್ತ್ರಿ," ಅಂದರು ಸಾಹೇಬರು. "ನಾನು ಮದುವೆ ಆದಾಗ ಇದ್ರಲ್ಲೇ ದುಲ್ಹನ್ ಕರ್ಕೊಂಡ್ ಬಂದಿದ್ದು. ಈಗ ಮಗಳ ನಿಕಾ. ಕನಕಪುರದ ಹುಡುಗ. ಇದ್ರಲ್ಲೇ ಕಳಿಸ್ಬೇಕು ಅಂತ ಆಸೆ. ಬೆಂಗಳೂರಲ್ಲಿ ತೋರ್ಸಿದ್ರೆ, ಎಲ್ಲಾ ಹಳೇದು, ಮಾರ್ಬಿಡಿ ಅಂದ್ರು."

"ಮಾರಿ ಅನ್ನಕ್ಕೆ ಮೆಕ್ಯಾನಿಕ್ ಯಾಕ್ ಬೇಕು ಸಾಹೇಬ್ರೇ, ಬ್ರೋಕ್ರು ಸಾಕು," ಅಂದ ಅಣ್ಣ. "ಕಳ್ಸನ ಬುಡಿ. ಎಣ್ಣೆ ಎಲ್ಲಿಂದ ಬತ್ತಾ ಐತೆ ಅಂತ ಮೊದ್ಲು ನೋಡನ."

ಅಣ್ಣ ಯಾವ ಸೋರಿಕೆಯನ್ನೂ ಮೊದಲ ನೋಟಕ್ಕೆ ನಂಬುತ್ತಿರಲಿಲ್ಲ. ಓಡುವ ಗಾಡಿಯಲ್ಲಿ ಗಾಳಿಗೆ ಎಣ್ಣೆ ಹಿಂದಕ್ಕೆ ಹರಿಯುತ್ತದೆ. ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿದ. ಆಮೇಲೆ ಒಂದು ಸುತ್ತು ಓಡಿಸಿಕೊಂಡು ಬಂದು, ಕೆಳಗೆ ಹಳೇ ಪೇಪರ್ ಹಾಸಿ ಕಾದ. ಹನಿ ಬಿದ್ದದ್ದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಗಂಟೆಯಾಕಾರದ ಚಿಪ್ಪಿನಿಂದ. ಅದರ ತಳದಲ್ಲಿ ಒಂದು ಸಣ್ಣ ತೂತಿದೆ. ಒಳಗೆ ಎಣ್ಣೆ ಸೇರಿದರೆ ಹೊರಗೆ ಗೊತ್ತಾಗಲಿ ಅಂತಲೇ ಕೊಟ್ಟ ತೂತು.

ಅಲ್ಲಿಗೆ ಎಂಜಿನ್ ಎಣ್ಣೆಯೂ ಬರಬಹುದು, ಗೇರ್ ಎಣ್ಣೆಯೂ ಬರಬಹುದು. ಅಣ್ಣ ಹನಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದ, ಮೂಸಿದ. ನನ್ನ ಮೂಗಿನ ಮುಂದೂ ಹಿಡಿದ. ಗಂಧಕದ ಹಾಗೆ ಮೂಗಿಗೆ ಹೊಡೆಯಿತು.

"ಇದು ಗೇರ್ ಎಣ್ಣೆ. ಮುಂದ್ಗಡೆಯಿಂದ ಬತ್ತಾ ಐತೆ. ಬಾಕ್ಸು ಇಳಿಸ್ದೆ ಬೇರೆ ದಾರಿ ಇಲ್ಲ," ಅಂದ.

ಗೇರ್‌ಬಾಕ್ಸ್ ಇಳಿಸುವ ದಿನ ಪಕ್ಕದ ಪಂಚರ್ ಅಂಗಡಿಯವನನ್ನು ಕೂಗಿಕೊಂಡ. ಅವರಿಬ್ಬರೂ ಒಟ್ಟಿಗೆ ಬೆಳೆದವರು. ಹಿಂದಕ್ಕೆ ಹೋಗುವ ಉದ್ದದ ಶಾಫ್ಟು ಬಿಚ್ಚಿ, ಗೇರಿನ ಕಡ್ಡಿಗಳನ್ನೂ ಮೀಟರಿನ ಕೇಬಲ್ಲನ್ನೂ ಕಳಚಿ, ಎಂಜಿನ್ನಿನ ಹೊಟ್ಟೆಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟರು. ಸುತ್ತಿನ ಬೋಲ್ಟುಗಳು ಬಂದ ಮೇಲೆ ಬಾಕ್ಸನ್ನು ನೆಟ್ಟಗೆ ಹಿಂದಕ್ಕೆ ಎಳೆಯಬೇಕು. ನಡುವೆ ಎಲ್ಲಾದರೂ ಅದರ ಭಾರ ಮುಂದಿನ ಶಾಫ್ಟಿನ ಮೇಲೆ ಬಿಟ್ಟರೆ ಕ್ಲಚ್ ಪ್ಲೇಟು ಹಾಳು. ಅಣ್ಣ ಗುಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಮಲಗಿ ಎದೆಯ ಮೇಲೆಯೇ ಅದನ್ನು ತಡೆದ.

"ಲೇ, ಇದು ಎದೆ ಮೇಲೆ ಬಿದ್ರೆ ನಿನ್ ಎಂಡ್ರಿಗೆ ನಾನೇನ್ಲಾ ಹೇಳ್ಲಿ?" ಅಂದ ಪಂಚರ್ ಅಂಗಡಿಯವನು.

"ಎಣ್ಣೆ ನಿಂತೋಯ್ತು ಅಂತ ಹೇಳು. ಮೊದ್ಲು ಹಗ್ಗ ಹಿಡ್ಕಳ್ಲಾ."

ಒಳಗೆ ನೋಡಿದರೆ ಕ್ಲಚ್ ಪ್ಲೇಟು ಎಣ್ಣೆಯಲ್ಲಿ ನೆನೆದಿತ್ತು. ಗೇರ್‌ಬಾಕ್ಸಿನ ಮುಖದ ಕವರು ಒಂದು ಪಕ್ಕಕ್ಕೆ ಸವೆದಿತ್ತು. ಈ ಕವರಿನ ವಿಷಯ ಸ್ವಲ್ಪ ಹೇಳಬೇಕು, ಎಲ್ಲ ನಿಂತಿರುವುದೇ ಇದರ ಮೇಲೆ.

ಎಂಜಿನ್ನಿನಿಂದ ಬರುವ ಶಾಫ್ಟು ಈ ಕವರಿನ ನಡುವಿನ ತೂತಿನ ಮೂಲಕ ಗೇರ್‌ಬಾಕ್ಸಿನೊಳಕ್ಕೆ ಹೋಗುತ್ತದೆ. ಈಗಿನ ಗಾಡಿಗಳಲ್ಲಾದರೆ ಅಲ್ಲಿ ರಬ್ಬರಿನ ಸೀಲ್ ಇರುತ್ತದೆ. ಇದರಲ್ಲಿ ಇರಲಿಲ್ಲ. ತೂತಿನ ಒಳಮೈಯಲ್ಲಿ ಸ್ಕ್ರೂವಿನ ಸುತ್ತುಗಳಂತೆ ಗೀರು ಕೊರೆದಿರುತ್ತಾರೆ. ಶಾಫ್ಟು ತಿರುಗುವಾಗ ಹೊರಗೆ ಬರಲು ನೋಡುವ ಎಣ್ಣೆಯನ್ನು ಆ ಗೀರು ಮತ್ತೆ ಒಳಕ್ಕೆ ತಳ್ಳುತ್ತದೆ. ಹಾಗಾಗಬೇಕಾದರೆ ಶಾಫ್ಟಿನ ಸುತ್ತ ಸಂದು ಒಂದೇ ಸಮ ಇರಬೇಕು. ಕವರು ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ದಾರಿ ಬಿಡುತ್ತದೆ. ಕಂಪನಿಯವರ ಹತ್ತಿರ ಅದನ್ನು ನಡುವಿಗೆ ಕೂರಿಸಲು ಒಂದು ಸಾಧನ ಇರುತ್ತಿತ್ತಂತೆ. ಅಣ್ಣನ ಹತ್ತಿರ ಇದ್ದದ್ದು ಕಣ್ಣು, ಮತ್ತೆ ಸಂದಿಗೆ ತೂರಿಸಿ ನೋಡುವ ತೆಳು ಉಕ್ಕಿನ ಪಟ್ಟಿಗಳ ಒಂದು ಕಟ್ಟು.

ಅವನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಸವೆಯದ ಒಂದು ಕವರು ತಂದ. ಒಳಗಿನ ಗೀರು ಚೆನ್ನಾಗಿತ್ತು, ಆದರೆ ಬೋಲ್ಟಿನ ತೂತುಗಳು ಸಡಿಲ. ಅತ್ತಿತ್ತ ಜರುಗುತ್ತಿತ್ತು. ಅವನಿಗೆ ಆಗ ನಲವತ್ತು ದಾಟಿತ್ತು. ಹತ್ತಿರದ ಅಕ್ಷರ ಮಸುಕಾಗತೊಡಗಿತ್ತು. ಪೇಪರನ್ನು ತೋಳುದ್ದ ಹಿಡಿದು ಓದುತ್ತಿದ್ದ. ಅವತ್ತು ಊಟ ಮಾಡುತ್ತಾ ಕವರನ್ನು ನನ್ನ ಮುಂದಿಟ್ಟ.

"ಅಮ್ಮಿ, ಇದಕ್ಕೊಂದು ಬುಷ್ ಕಡ್ದು ಕೊಡು, ದಪ್ಪ ಬಳೆ ಥರದ್ದು. ಒಳಗಿನ ತೂತು ಶಾಫ್ಟಿಗೆ ಕೂತ್ಕಬೇಕು, ಹೊರಗಿನ ಮೈ ಈ ಕವರಿನ ತೂತಿಗೆ ಬಿಗಿಯಾಗಿ ಕೂತ್ಕಬೇಕು. ಅದು ಇರೋವಾಗ್ಲೇ ಕವರ್ ಬಿಗಿ ಮಾಡಿ, ಆಮೇಲೆ ಈಚೆಗೆ ಎಳ್ಕತೀನಿ. ಆಗ ಕವರು ತಾನಾಗೇ ನಡುವಿಗೆ ಬತ್ತದೆ."

"ಮರದ್ದಾ?"

"ಮರದ್ದೇ. ಕಬ್ಬಿಣದ್ದಾದ್ರೆ ಗೀರು ಕೆಡ್ತದೆ. ನನ್ ಕಣ್ಣಿಗಿಂತ ನಿನ್ ಉಳಿ ನಂಬ್ತೀನಿ ಕಣಮ್ಮಿ."

ಇಲ್ಲಿ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಲೇಬೇಕು. ನನ್ನ ಲೇತಿನ ಬೇರಿಂಗು ಹೋಗಿ ಬಹಳ ದಿನವಾಗಿತ್ತು. ಮರ ಹಿಡಿದರೆ ಅದುರುತ್ತಿತ್ತು, ಬುಗುರಿಗಳು ಸೊಟ್ಟಗಾಗುತ್ತಿದ್ದವು, ಮಾಲೀಕ ಎಲ್ಲರ ಮುಂದೆ ತೆಗೆದು ಬಿಸಾಡುತ್ತಿದ್ದ. "ಮನೇಲೇ ಮೇಸ್ತ್ರಿ ಅವ್ನೆ, ಇದನ್ನ ಸರಿ ಮಾಡ್ಸ್ಕಳಕ್ಕೆ ಆಗಕಿಲ್ವಾ?" ಅನ್ನುತ್ತಿದ್ದ. ಅಣ್ಣನಿಗೆ ಹೇಳಿದಾಗಲೆಲ್ಲ "ನಾಳೆ ಬತ್ತೀನಿ ಕಣಮ್ಮಿ" ಎಂದೇ ಉತ್ತರ. ಓಣಿ ದಾಟಿದರೆ ಕಾರ್ಖಾನೆ. ಆ ನಾಳೆ ಬರಲೇ ಇಲ್ಲ. ಸಾಹೇಬರ ಕಾರಿಗೆ ಬೆಂಗಳೂರಿನವರೆಗೂ ಹೋಗಿ ಬಂದವನು ನನ್ನ ಬೇರಿಂಗಿಗೆ ಓಣಿ ದಾಟಲಿಲ್ಲ ಅನ್ನುವ ಸಿಟ್ಟು ನನಗಿತ್ತು.

ಶಾಫ್ಟಿನ ದಪ್ಪಕ್ಕೆ ಕ್ಯಾಲಿಪರ್ ಹಿಡಿದು ಅಳತೆ ತೆಗೆದುಕೊಂಡು, ಕವರನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಬಂದೆ. ನಾವು ಬೊಂಬೆ ಮಾಡುವುದು ಆಲೆ ಮರದಲ್ಲಿ. ಕಡಿದು ತಂದ ಮರವನ್ನು ತೊಗಟೆ ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ ಮೇಲೇ ಲೇತಿಗೆ ಏರಿಸುವುದು. ಹಸಿ ಮರ ಕಡೆಯಲು ಸುಲಭ, ಬೆಣ್ಣೆಯ ಹಾಗೆ ಉಳಿಗೆ ಸಿಗುತ್ತದೆ. ಆದರೆ ಒಣಗುತ್ತಾ ಕುಗ್ಗುತ್ತದೆ. ಸುತ್ತಲೂ ಒಂದೇ ಸಮ ಕುಗ್ಗಿದರೂ ಆಗುತ್ತಿತ್ತು, ಹಾಗೆ ಕುಗ್ಗುವುದಿಲ್ಲ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ದುಂಡಗಿದ್ದದ್ದು ಕೋಳಿಮೊಟ್ಟೆಯ ಕಡೆಗೆ ಹೊರಳುತ್ತದೆ. ಲೇತಿನ ಮುಂದೆ ಕೂತ ಮೊದಲ ವಾರದಲ್ಲೇ ಇದನ್ನು ಕಲಿಸಿರುತ್ತಾರೆ.

ಒಣಗಿದ ಮರ ಮಾಲೀಕನ ಕೋಣೆಯಲ್ಲಿತ್ತು. ಕೇಳಿದರೆ ಕೊಡುತ್ತಿದ್ದ, ಎರಡು ಮಾತು ಆಡಿ ಕೊಡುತ್ತಿದ್ದ. ಆ ಮಾತು ಕೇಳಲು ನನಗೆ ಇಷ್ಟವಿರಲಿಲ್ಲ. ಹಿತ್ತಲಿನಲ್ಲಿ ಆ ವಾರ ಬಂದು ಬಿದ್ದಿದ್ದ ಹೊಸ ಮರದ ರಾಶಿಯಿಂದ ಒಂದು ತುಂಡು ಎತ್ತಿಕೊಂಡೆ. ಕೈಗೆ ಭಾರವಿತ್ತು, ತಣ್ಣಗಿತ್ತು. ಒಂದು ಸಲ ಹಾಕಿ ಎಸೆಯುವ ವಸ್ತು ತಾನೇ, ಇಷ್ಟು ಸಾಕು ಅಂದುಕೊಂಡೆ. ಸಿಪ್ಪೆ ಉದ್ದುದ್ದ ದಾರದ ಹಾಗೆ ಸುರುಳಿ ಸುತ್ತಿ ಬಂತು. ಒಣಮರವಾದರೆ ಪುಡಿ ಉದುರುತ್ತದೆ.

ಕಡೆದಾದ ಮೇಲೆ ನೋಡಿದರೆ ಮೈ ಮೇಲೆ ಹಸಿ ಕಾಣುತ್ತಿತ್ತು. ಅಣ್ಣನಿಗೂ ಮರ ಗೊತ್ತು, ಅಪ್ಪನ ಲೇತಿನ ಪಕ್ಕದಲ್ಲಿ ಬೆಳೆದವನು. ಅವನಿಗೆ ಹಸಿ ಕಾಣದಿರಲಿ ಎಂದು ಅರಗು ಹಾಕಿದೆ. ಹಸಿಯ ಮೇಲೆ ಅರಗು ನಿಲ್ಲುವುದಿಲ್ಲ, ಗುಳ್ಳೆ ಏಳುತ್ತದೆ. ತಿರುಗುತ್ತಿರುವ ಮರಕ್ಕೆ ಒಣ ಸಿಪ್ಪೆಯನ್ನು ಒತ್ತಿ ಹಿಡಿದು, ಮೈ ಬಿಸಿ ಮಾಡಿ, ಮೇಲಿನ ತೇವ ಹಾರಿಸಿದೆ. ಆಮೇಲೆ ಕೆಂಪು ಅರಗಿನ ಕಡ್ಡಿ ಒತ್ತಿ, ಒಣ ತಾಳೆಗರಿಯಿಂದ ತೀಡಿ ಹೊಳಪು ಕೊಟ್ಟೆ. ಕವರಿನ ತೂತಿಗೆ ಹಾಕಿ ನೋಡಿದೆ. ಅಂದವಾಗಿ ಕೂತಿತು. ಒಳಗೂ ತುದಿಗೂ ಅರಗು ಇರಲಿಲ್ಲ. ಮರದೊಳಗಿನ ನೀರು ಆರುವ ದಾರಿಯೆಲ್ಲ ತೆರೆದೇ ಇತ್ತು.

ಅಣ್ಣ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನಕ್ಕ. "ಬುಷ್ ಕೇಳಿದ್ರೆ ಬೊಂಬೆ ಮಾಡ್ಕೊಂಡ್ ಬಂದಿದ್ದೀಯಲ್ಲಮ್ಮಿ."

"ಎಣ್ಣೆ ಕುಡಿಯದೆ ಇರ್ಲಿ ಅಂತ ಅರಗು ಹಾಕ್ದೆ."

"ಗೇರ್‌ಬಾಕ್ಸಿಗೆ ಕುಂಕುಮ ಇಟ್ಟಂಗಾಯ್ತು ಬುಡು."

ಅವತ್ತೇ ಕವರ್ ಕೂರಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಹೊಸ ಪಟ್ಟಿ ಹಾಕಿಸಲು ಬೆಂಗಳೂರಿಗೆ ಕಳಿಸಿದ್ದ ಕ್ಲಚ್ ಪ್ಲೇಟು ಬರಲಿಲ್ಲ. ಅದು ಬಂದ ಮೇಲೇ ಎಲ್ಲವನ್ನೂ ಒಟ್ಟಿಗೆ ಕಟ್ಟೋಣ ಎಂದು ಅಣ್ಣ ಕಾದ. ಬುಷ್ಷನ್ನು ತಗಡಿನ ಸೂರಿನ ಕೆಳಗಿನ ಗೂಡಿನಲ್ಲಿಟ್ಟ. ಬೇಸಿಗೆಯ ಆ ಜಳಕ್ಕೆ ಅಲ್ಲಿ ಗ್ರೀಸೇ ಕರಗಿ ಹರಿಯುತ್ತಿತ್ತು. ದಿನಾ ಊಟಕ್ಕೆ ಕೂತಾಗ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಕವರ್ ಕೂರಿಸಿದ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ದಪ್ಪ ಕಾಗದವನ್ನು ಅಂಚಿಗೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪ್ಯಾಕಿಂಗ್ ಕತ್ತರಿಸಿದ್ದ. ಬೇರಿಂಗು ಹೊಸದು ಹಾಕಿದ್ದ. ಬುಷ್ಷನ್ನು ಶಾಫ್ಟಿಗೆ ತೊಡಿಸಲು ಹೋದಾಗ ಅದು ಅರ್ಧಕ್ಕೆ ನಿಂತಿತು.

"ಒಸಿ ಬಿಗಿ ಐತೆ," ಅಂದ.

ಅಂಗೈಯಿಂದ ತಟ್ಟಿದ, ಒಳಗೆ ಹೋಯಿತು. ತಿರುಗಿಸಿ ನೋಡಿದ. ಒಂದು ಜಾಗದಲ್ಲಿ ಅದು ಹಿಡಿದು ಬಿಟ್ಟಿದ್ದು ನನಗೆ ದೂರದಿಂದಲೇ ಗೊತ್ತಾಯಿತು. ಸೊಟ್ಟ ಬುಗುರಿಗಳನ್ನು ದಿನಾ ನೋಡುವವಳು ನಾನು. ಬೇಡ ಅಣ್ಣ, ತೆಗಿ, ಇನ್ನೊಂದು ಮಾಡಿಕೊಡುತ್ತೇನೆ ಎಂದು ಹೇಳಲು ಒಂದು ಗಳಿಗೆ ಸಾಕಾಗಿತ್ತು. ಹೇಳಿದರೆ ಹಸಿ ಮರ ಯಾಕೆ ತೆಗೆದುಕೊಂಡೆ ಅಂತ ಬರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಿಗಿ ಮಾಡುವಾಗ ಮರದ ಕೂದಲೆಳೆ ಏನು ಲೆಕ್ಕ ಎಂದು ಸಮಾಧಾನ ಮಾಡಿಕೊಂಡು ಕ್ಯಾರಿಯರ್ ತೊಳೆಯಲು ಎದ್ದೆ. ಅವನು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಆಮೇಲೆ ಬುಷ್ಷನ್ನು ಈಚೆಗೆ ಎಳೆದುಕೊಂಡ.

ಎಲ್ಲ ಕಟ್ಟಿ, ಹೊಸ ಎಣ್ಣೆ ತುಂಬಿ, ಅಕ್ಕೂರಿನ ದಾರಿಯಲ್ಲಿ ಹೋಗಿ ಬಂದ. ಪೇಪರ್ ಹಾಸಿದ. ಒಂದು ಹನಿ ಬೀಳಲಿಲ್ಲ. ಸಾಹೇಬರು ಬಂದು ಪೇಪರನ್ನು ಎತ್ತಿ ಹಿಂದೆ ಮುಂದೆ ನೋಡಿ, ಮದುವೆಯ ದಿನ ಕಾರನ್ನು ನೀವೇ ಓಡಿಸಬೇಕು ಅಂದರು. ಅಣ್ಣ ಮನೆಗೆ ಬಂದು ಬಿಳಿ ಅಂಗಿಗೆ ಅತ್ತಿಗೆಯ ಹತ್ತಿರ ಗಂಜಿ ಹಾಕಿಸಿದ.

ಅಕ್ಕೂರಿನ ಆ ದಾರಿ ಸಮತಟ್ಟು. ಸಮನೆಲದಲ್ಲಿ ಎಣ್ಣೆ ಶಾಫ್ಟಿಗಿಂತ ಕೆಳಗೇ ನಿಂತಿರುತ್ತದೆ. ಇಳಿಜಾರಿನಲ್ಲಿ ಗಾಡಿ ಮೂತಿ ತಗ್ಗಿಸಿದಾಗ ಅದೆಲ್ಲ ಮುಂದಕ್ಕೆ ಬಂದು ಕವರಿನ ಸಂದಿಗೆ ನಿಲ್ಲುತ್ತದೆ, ಅಲ್ಲಿಂದ ಸೋರಿ ಕ್ಲಚ್ ಪ್ಲೇಟನ್ನು ನೆನೆಸಿದರೆ ಅದು ಹಿಡಿತ ತಪ್ಪಿ ಜಾರುತ್ತದೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಮದುವೆಗೆ ನಮ್ಮನ್ನೂ ಕರೆದಿದ್ದರು. ಹೆಣ್ಣನ್ನು ಕನಕಪುರಕ್ಕೆ ಕಳಿಸುವಾಗ ನಾನೂ ಅತ್ತಿಗೆಯೂ ಹಿಂದಿನ ವ್ಯಾನಿನಲ್ಲಿ, ಅವರ ಮನೆಯ ಹೆಂಗಸರ ಜೊತೆ ಕೂತಿದ್ದೆವು. ಮುಂದೆ ಕಾರು. ಅದಕ್ಕೆ ಮಲ್ಲಿಗೆಯ ಜಾಲರಿ ಹೊದಿಸಿದ್ದರು. ಬಂಡೆ ಬೆಟ್ಟಗಳನ್ನು ಬಳಸಿ ಹೋಗುವ ಆ ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು, ಅದು ಮುಗಿಯುತ್ತಲೇ ಏರು. ಏರಿನ ನಡುವೆ ಕಾರಿನ ಎಂಜಿನ್ ಅರಚಿಕೊಂಡಿತು, ಕಾರು ಮಾತ್ರ ನಿಧಾನವಾಯಿತು. ಸುಟ್ಟ ವಾಸನೆ ನಮ್ಮ ವ್ಯಾನಿನೊಳಕ್ಕೆ ಬಂತು. ಕಾರಿನ ಕೆಳಗಿಂದ ಹೊಗೆ ಎದ್ದಿತು. ಆಮೇಲೆ ಅದು ನಿಂತೇಬಿಟ್ಟಿತು.

ಅಣ್ಣ ಇಳಿದು ಕಾರಿನ ಕೆಳಗೆ ಬಗ್ಗಿ ನೋಡಿದ. ಅವನ ಬಿಳಿ ಅಂಗಿಯ ತೋಳಿನಲ್ಲಿ ಎಣ್ಣೆಯ ಗೆರೆ ಮೂಡಿತು. ಮದುವೆಯ ಹುಡುಗಿಯನ್ನು ಇಳಿಸಿ ನಮ್ಮ ವ್ಯಾನಿಗೆ ಹತ್ತಿಸಿದರು. ಜಾಗ ಮಾಡಿಕೊಡಲು ನಾನೂ ಅತ್ತಿಗೆಯೂ ಇಳಿದೆವು. ಅವಳು ನನ್ನ ಪಕ್ಕದಲ್ಲೇ ಹಾದುಹೋದಳು, ಜರಿಯ ಬಟ್ಟೆಯ ಅಂಚಿಗೆ ರಸ್ತೆಯ ಮಣ್ಣು ಹತ್ತಿತ್ತು.

ಸಾಹೇಬರು ಅಣ್ಣನ ಭುಜ ಹಿಡಿದರು. "ಹೋಗ್ಲಿ ಬಿಡಿ ಮೇಸ್ತ್ರಿ. ಹಳೇ ಗಾಡಿ. ನಿಮ್ಮ ತಪ್ಪೇನಿದೆ ಇದ್ರಲ್ಲಿ."

"ಗಾಡಿ ಹಳೇದು ಸಾಹೇಬ್ರೇ. ಸೋರಿರೋದು ನಾನು ಹೊಸ್ದಾಗಿ ಕಟ್ಟಿದ್ದು," ಅಂದ ಅಣ್ಣ.

ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದರು. ಮಲ್ಲಿಗೆ ಬಾಡಿ ಅದರ ಮೇಲೇ ಒಣಗಿತು, ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಮಾರನೇ ದಿನವೇ ಅಣ್ಣ ಬಾಕ್ಸ್ ಇಳಿಸಿದ. ಪಂಚರ್ ಅಂಗಡಿಯವನು ಅವತ್ತು ತಮಾಷೆ ಮಾಡಲಿಲ್ಲ. ನಾನು ಊಟ ತಂದಾಗ ಅಣ್ಣ ಕವರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸಂದಿಗೆ ಉಕ್ಕಿನ ಪಟ್ಟಿ ತೂರಿಸುತ್ತಿದ್ದ. ಮೇಲ್ಗಡೆ ಎರಡು ಪಟ್ಟಿ ಒಟ್ಟಿಗೆ ಹೋಗುತ್ತಿದ್ದವು. ಕೆಳಗಡೆ ಒಂದೂ ಹೋಗುತ್ತಿರಲಿಲ್ಲ, ಅಲ್ಲಿ ಲೋಹ ಉಜ್ಜಿ ಹೊಳೆಯುತ್ತಿತ್ತು.

ನಟ್ಟುಗಳನ್ನು ನೋಡಿದ. ಪ್ಯಾಕಿಂಗ್ ನೋಡಿದ. ಬೇರಿಂಗ್ ಅಲ್ಲಾಡಿಸಿ ನೋಡಿದ. ಕೊನೆಗೆ ನನ್ನ ಕಡೆ ತಿರುಗಿದ.

"ಅಮ್ಮಿ, ಬೇಜಾರ್ ಮಾಡ್ಕಬೇಡ, ಕೇಳ್ಬೇಕು ಅಂತ ಕೇಳ್ತೀನಿ. ಆ ಬುಷ್ಷು ಒಣ ಮರದ್ದೇ ತಾನೆ?"

ಅವನ ದನಿಯಲ್ಲಿ ಅನುಮಾನ ಇರಲಿಲ್ಲ. ಕೇಳಿದ್ದಕ್ಕೆ ಅವನಿಗೇ ನಾಚಿಕೆಯಾದ ಹಾಗಿತ್ತು. ನಾನು "ಹೂಂ" ಅಂದೆ.

"ನಂಗೊತ್ತು. ಸುಮ್ನೆ ಕೇಳ್ದೆ." ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. "ಹಂಗಾದ್ರೆ ಬಿಗಿ ಮಾಡೋವಾಗ ನನ್ ಕೈಯೇ ಜರುಗ್ಸೈತೆ."

ನಾನು ಆಡಿದ್ದು ಆ ಒಂದೇ ಮಾತು. ಆಮೇಲೆ ಅದನ್ನು ಸರಿಮಾಡಲು ಹೋದದ್ದು ಅದಕ್ಕಿಂತ ಕೆಟ್ಟದಾಯಿತು.

ಬುಷ್ಷು ಎಣ್ಣೆ ಹಿಡಿದು ಕೊಳೆಯಾಗಿದೆ, ಉಜ್ಜಿ ಬಣ್ಣ ಹಾಕಿಕೊಡುತ್ತೇನೆ ಎಂದು ಹೇಳಿ ಅದನ್ನೂ ಕವರನ್ನೂ ತೆಗೆದುಕೊಂಡು ಹೋದೆ. ಲೇತಿಗೆ ಹಾಕಿ ತಿರುಗಿಸಿದೆ. ಉಳಿ ಒಂದು ಪಕ್ಕಕ್ಕೆ ತಾಗುತ್ತಿತ್ತು, ಇನ್ನೊಂದು ಪಕ್ಕಕ್ಕೆ ತಾಗುತ್ತಿರಲಿಲ್ಲ. ಮೊಟ್ಟೆಯಾಗಿತ್ತು. ಅದನ್ನು ಅರಗು ಕಾಯಿಸುವ ಕೆಂಡಕ್ಕೆ ಹಾಕಿಬಿಟ್ಟೆ. ಮಾಲೀಕನ ಹತ್ತಿರ ಹೋಗಿ, ಅವನು ಆಡಿದ ಎರಡು ಮಾತು ಕೇಳಿಸಿಕೊಂಡು, ಚೆನ್ನಾಗಿ ಒಣಗಿದ ತುಂಡು ಇಸಿದುಕೊಂಡೆ. ಅದೇ ಅಳತೆಗೆ, ಅದೇ ಕೆಂಪು ಬಣ್ಣದಲ್ಲಿ ಇನ್ನೊಂದು ಬುಷ್ ಕಡೆದೆ. ಅಣ್ಣನಿಗೆ ಕೊಡುವಾಗ ಅದೇ ಇದು ಅನ್ನುವ ಹಾಗೆ ಕೊಟ್ಟೆ.

ಸುಟ್ಟ ಕ್ಲಚ್ ಪ್ಲೇಟಿಗೆ ಹೊಸ ಪಟ್ಟಿ ಹಾಕಿಸಿ ಅವನು ಮತ್ತೆ ಕಟ್ಟಿದ. ಈ ಸಲ ಮಾಗಡಿ ರಸ್ತೆಯ ಇಳಿಜಾರಿಗೆ ಹೋಗಿ, ಮೂತಿ ಕೆಳಗೆ ಮಾಡಿ ಬಹಳ ಹೊತ್ತು ನಿಲ್ಲಿಸಿದ. ಮತ್ತೆ ಏರಿಸಿದ, ಮತ್ತೆ ಇಳಿಸಿದ. ತೂತಿನ ಕೆಳಗೆ ಹಿಡಿದ ಪೇಪರ್ ಬೆಳ್ಳಗೇ ಇತ್ತು. ಎಲ್ಲ ಸರಿಹೋಯಿತು, ಇನ್ನು ಹೇಳುವ ಅಗತ್ಯವಿಲ್ಲ ಎಂದುಕೊಂಡೆ.

ಅವತ್ತು ಸಂಜೆ ಅವನು ಅಂಗಳದಲ್ಲಿ ಕೂತು ಅತ್ತಿಗೆಗೆ ಹೇಳಿದ್ದನ್ನು ಒಳಗಿಂದ ಕೇಳಿಸಿಕೊಂಡೆ. "ಅದೇ ಕವರು, ಅದೇ ಬುಷ್ಷು, ಅದೇ ನಟ್ಟು. ಈಗ ಸೋರಕಿಲ್ಲ. ಆಗ ಸೋರ್ತು. ಅಂದ್ರೆ ಬದಲಾಗಿರೋದು ನಾನೊಬ್ನೇ ತಾನೆ? ಆವತ್ತು ಕೈ ಜರುಗೈತೆ, ನಂಗೆ ಗೊತ್ತೇ ಆಗಿಲ್ಲ. ಗೊತ್ತಾಗಿದ್ರೆ ಪರ್ವಾಗಿಲ್ಲ ಕಣೆ. ಗೊತ್ತಾಗ್ದೇ ಹೋಯ್ತಲ್ಲ, ಅದು."

ಸೋರಿಕೆ ನಿಂತದ್ದೇ ಅವನ ಮೇಲಿನ ಸಾಕ್ಷಿಯಾಯಿತು. ನಾನು ಬುಷ್ ಬದಲಿಸದೆ ಇದ್ದಿದ್ದರೆ ಅದು ಮತ್ತೆ ಸೋರುತ್ತಿತ್ತು, ಅವನು ಹುಡುಕುತ್ತಿದ್ದ, ಒಂದಲ್ಲ ಒಂದು ದಿನ ಆ ಮರದ ತುಂಡಿಗೆ ಬಂದು ನಿಲ್ಲುತ್ತಿದ್ದ. ಆ ದಾರಿಯನ್ನೂ ನಾನೇ ಮುಚ್ಚಿದೆ.

ಅದಾದ ಮೇಲೆ ಅವನು ಗೇರ್‌ಬಾಕ್ಸ್ ಮುಟ್ಟಲಿಲ್ಲ. ಬಂದವರನ್ನು ಬೇರೆ ಕಡೆಗೆ ಕಳಿಸುತ್ತಿದ್ದ. ಬ್ರೇಕಿನ ಕೆಲಸ ಬಿಟ್ಟ, "ಜೀವದ್ ವಿಷ್ಯ" ಅನ್ನುತ್ತಿದ್ದ. ಹಾಗೇ ಒಂದೊಂದಾಗಿ ಬಿಡುತ್ತಾ, ಕೊನೆಗೆ ಶೆಡ್ಡನ್ನು ಪಂಚರ್ ಅಂಗಡಿಯವನಿಗೆ ವಹಿಸಿ, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ಹಾಕುವ ಕೆಲಸಕ್ಕೆ ಸೇರಿಕೊಂಡ. "ಅಲ್ಲಿ ಕಣ್ಣು ಬೇಕಾಗಕಿಲ್ಲ ಕಣಮ್ಮಿ, ಎಷ್ಟು ಅಂತ ಮೀಟ್ರೇ ಹೇಳ್ತದೆ," ಅಂದ. ಅವನ ಹತ್ತಿರ ಗಾಡಿ ಕಲಿತವರೇ ಅಲ್ಲಿ ಬಂದು ಗಾಳಿ ಹಾಕಿಸಿಕೊಂಡು ಹೋಗುತ್ತಿದ್ದರು.

ಶೆಡ್ಡು ಬಿಡುವ ಮುಂಚೆ ಒಂದು ದಿನ ಕಾರ್ಖಾನೆಗೆ ಬಂದು ನನ್ನ ಲೇತಿನ ಬೇರಿಂಗ್ ಹಾಕಿಕೊಟ್ಟ. ನಾನು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಾಕಿ ಮುಗಿಸಿ, ಕೈ ಒರೆಸಿಕೊಳ್ಳುತ್ತಾ, "ಸರಿಯಾಗಿ ಕೂತೈತಾ ನೋಡಮ್ಮಿ. ನಂಗೀಗ ಗೊತ್ತಾಗಕಿಲ್ಲ," ಅಂದ. ಮೋಟಾರು ಹಾಕಿದೆ. ಲೇತು ಅದುರಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ನಾನು ಕೆಲಸ ಬಿಡುವವರೆಗೂ ಆ ಬೇರಿಂಗು ಹಾಗೇ ಓಡಿತು.

ಯಾಕೆ ಹೇಳಲಿಲ್ಲ? ಮೊದಲು ಹೆದರಿಕೆ ಇತ್ತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಗೇ ಹೆದರಿದೆ. ಆ ಪ್ರಶ್ನೆ ಮಾತ್ರ ಪ್ರತಿ ವರ್ಷ ದೊಡ್ಡದಾಗುತ್ತಾ ಹೋಯಿತು.

ಈಚೆಗೆ ಒಂದು ಬೆಳಿಗ್ಗೆ ಆ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು. ಸಾಹೇಬರು ತೀರಿಹೋಗಿದ್ದರು. ಕಾರಿನಿಂದ ಇಳಿದದ್ದು ಅವರ ಮಗಳು, ಅವತ್ತು ವ್ಯಾನಿಗೆ ಹತ್ತಿದ ಹುಡುಗಿ. ಈಗ ಅವಳ ಮಗಳಿಗೇ ಮದುವೆ, ಕರೆಯಲು ಬಂದಿದ್ದಳು.

"ಈ ಸಲ ನನ್ನ ಮಗಳನ್ನ ಇದ್ರಲ್ಲೇ ಕಳಿಸೋದು ಮೇಸ್ತ್ರಿ," ಅಂದಳು. "ನೀವು ಎರಡನೇ ಸಲ ಕಟ್ಟಿಕೊಟ್ಟ ಮೇಲೆ ಒಂದು ಹನಿ ಸೋರಿಲ್ಲ. ನಮ್ಮಣ್ಣ ಹಬ್ಬಕ್ಕೆಲ್ಲಾ ಇದನ್ನೇ ತೆಗೀತಾನೆ. ಅಬ್ಬಾ ಕೊನೇವರೆಗೂ ನಿಮ್ಮ ಹೆಸರು ಹೇಳ್ತಿದ್ರು."

ಅಣ್ಣ ಜಗುಲಿಯ ಮೇಲೆ ಕೂತಿದ್ದ. "ನಂದೇನಿಲ್ಲ ಕಣಮ್ಮ. ಎರಡ್ನೇ ಸಲ ಅದು ಹೆಂಗೋ ಕೂತ್ಕತು," ಅಂದ.

ಅವಳು ಹೊರಟು ಪಕ್ಕದ ಮನೆಗೂ ಕರೆಯಲು ಹೋದಳು. ಕಾರು ಬಾಗಿಲಲ್ಲೇ ಇತ್ತು. ಆ 'ಹೆಂಗೋ' ನನ್ನ ಕಿವಿಯಲ್ಲಿ ಉಳಿಯಿತು. ನಾನು ಅವನ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹಿತ್ತಲಿನ ಮರ, ಅರಗು, ಹೂಂ ಅಂದದ್ದು, ಕೆಂಡಕ್ಕೆ ಹಾಕಿದ್ದು.

ಅಣ್ಣ ಕೇಳಿದ, "ಎರಡ್ನೇದು ಒಣ ಮರವಾ?"

"ಹೂಂ ಅಣ್ಣ. ಚೆನ್ನಾಗಿ ಒಣಗಿದ್ದು."

"ಅಂದ್ರೆ ಎರಡು ಸಲಾನೂ ನಾನು ಒಂದೇ ಥರ ಕಟ್ಟಿದ್ದು."

"ಹೂಂ."

ಅವನು ಗೋಡೆ ಹಿಡಿದು ಎದ್ದ. ಈಗ ಅವನ ಕೈ ನಿಜವಾಗಿಯೂ ನಡುಗುತ್ತದೆ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಕಾರಿನ ಪಕ್ಕಕ್ಕೆ ಹೋಗಿ ಒಂದು ಮೊಣಕಾಲೂರಿದ, ಆಮೇಲೆ ಇನ್ನೊಂದು. ನಾನು ಹಿಡಿದುಕೊಳ್ಳಲು ಹೋದರೆ ಕೈ ಸರಿಸಿದ. ನೆಲಕ್ಕೆ ಭುಜ ಕೊಟ್ಟು, ನೋಡದೆಯೇ, ಚಿಪ್ಪಿನ ತಳದ ಆ ತೂತಿಗೆ ಬೆರಳು ಕೊಂಡೊಯ್ದ. ಬೆರಳು ನೇರವಾಗಿ ಅಲ್ಲಿಗೇ ಹೋಯಿತು.

ಈಚೆಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಧೂಳಿತ್ತು, ಎಣ್ಣೆ ಇರಲಿಲ್ಲ. ಹೆಬ್ಬೆರಳಿಗೆ ಉಜ್ಜಿದ. ಮೂಸಿದ.

"ಅವತ್ತೇ ಹೇಳ್ಬೋದಿತ್ತು ಕಣಮ್ಮಿ," ಅಂದ.

ಏನೂ ಅಂಟಿಲ್ಲದ ಆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ಎದ್ದೇಳದೆ ಅಲ್ಲೇ ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದ. ನಾನೂ ಕೂತೆ.